ಬಿಗಿಯ ಅಳತೆ

ಈ ಹೊತ್ತು ನಾನು ತಮ್ಮ ಮುಂದೆ ಪ್ರಸ್ತಾಪಿಸಬೇಕೆಂದಿರುವ ವಸ್ತು ಬಹು ಚಿಕ್ಕದು. ಅದರ ಉದ್ದ ಒಂದು ಮೊಳ. ಗೂಟಕ್ಕೆ ನೇತುಹಾಕಿದರೆ ಹಳೆಯ ಕಬ್ಬಿಣದ ಸಲಾಕೆಯೆಂದು ಯಾರಾದರೂ ಭ್ರಮಿಸಬಹುದು. ಮೋಟಾರು ಗಾಡಿಯ ನಟ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವುದಕ್ಕೆ ಸಹಾಯಮಾಡುವ ಉಪಕರಣವದು. ಇಂಗ್ಲಿಷ್ ಬಲ್ಲವರು ಅದನ್ನು ಟಾರ್ಕ್ ರೆಂಚು ಎನ್ನುತ್ತಾರೆ. ನಮ್ಮ ಕಡೆಯ ಕಾರಖಾನೆಗಳಲ್ಲಿ ಪಾನಾ ಎಂಬ ಮಾತು ರೂಢಿಯಲ್ಲಿರುವುದರಿಂದ ಇದನ್ನು ಅಳತೆಯ ಪಾನಾ ಎಂದರೆ ತಪ್ಪಾಗಲಾರದು. ಇಂಥ ಒಂದು ಪಾನಾವನ್ನು ಅಲ್ಪ ಬೆಲೆಗೆ ಸಂಪಾದಿಸುವುದಕ್ಕಾಗಿ ನಾನೂ ನಮ್ಮೂರಿನ ಒಬ್ಬ ಮೆಕ್ಯಾನಿಕ್ಕನೂ ಪಟ್ಟ ಪಾಡನ್ನು ಹೇಳಬೇಕೆಂದು ಬಂದಿದ್ದೇನೆ. ಸ್ವಂತ ಗಾಡಿಯುಳ್ಳ ಶ್ರೋತೃಗಳಿಗೆ ಇದರಿಂದ ಕೊಂಚ ಉಪಯೋಗವಾದರೂ ಆಗಬಹುದು; ಇಲ್ಲದವರು ಕಥೆಯೆಂದು ಕೇಳಬಹುದು.

ನಮ್ಮೂರು ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರು. ೧೯೯೭ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ನಾವು ಧಾರವಾಡ ಜಿಲ್ಲೆಯವರಾಗಿದ್ದೆವು. ಹೆಸರಿನಲ್ಲಿಯೇ ಅಕ್ಕಿಯನ್ನು ಹೊತ್ತಿರುವ ಊರು. ಸುತ್ತಲೂ ಭತ್ತದ ಗದ್ದೆ. ಈ ಅಕ್ಕಿಯ ಮಾತು ಮುಂದೆ ಕೆಲಸಕ್ಕೆ ಬರಲಿರುವುದರಿಂದ ದಯವಿಟ್ಟು ನೆನಪಿನಲ್ಲಿಡಬೇಕು.

ನಮ್ಮ ಮನೆಯಲ್ಲಿ ಒಂದು ಹಳೆಯ ಅಂಬಾಸಡರ್ ಗಾಡಿಯಿದೆ. ಬ್ರಿಟಿಷರ ಮೋರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮೂರನೆಯ ಮಾದರಿಯಿಂದ ಹುಟ್ಟಿ, ಬಂಗಾಳದ ಉತ್ತರಪಾಡಾದಲ್ಲಿ ೧೯೫೭ರ ಸುಮಾರಿನಿಂದ ೨೦೧೪ರವರೆಗೆ ತಯಾರಾದ ಈ ಗಾಡಿಯನ್ನು ತಮಗೆ ಪರಿಚಯಿಸಬೇಕಾದುದಿಲ್ಲ. ನಮ್ಮದರಲ್ಲಿರುವುದು ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನು. ಈ ಎಂಜಿನು ಅತಿ ಸಾಧುಪ್ರಾಣಿ. ಅದರ ಅವಯವಗಳೆಲ್ಲ ಕಣ್ಣಿಗೆ ಕಾಣುವಂತಿವೆ, ಕೈಗೆ ಎಟಕುವಂತಿವೆ—ಎಂದು ನಾನು ಆಗ ನಂಬಿದ್ದೆ. ಎಲ್ಲವೂ ಎಟಕುವುದಿಲ್ಲವೆಂಬುದು ಆಮೇಲೆ ತಿಳಿಯಿತು.

ನನ್ನ ತಾಯಿಯವರಿಗೆ ಹೃದಯದ ವ್ಯಾಧಿ. ತಿಂಗಳಿಗೆರಡು ಸಲ ಅವರನ್ನು ಹುಬ್ಬಳ್ಳಿಯ ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿತ್ತು. ೨೦೧೬ರ ಮಳೆಗಾಲದ ಒಂದು ಬೆಳಿಗ್ಗೆ ಹಾನಗಲ್ಲನ್ನು ದಾಟಿ ತಡಸದ ಕಡೆಗೆ ಹೋಗುತ್ತಿರುವಾಗ ಗಾಡಿಯ ಮೂತಿಯಿಂದ ಆವಿ ಎದ್ದಿತು. ಇಳಿದು, ಎಣ್ಣೆಯ ಮಟ್ಟವನ್ನು ನೋಡುವ ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆ ಮಜ್ಜಿಗೆಯಂತಾಗಿದ್ದಿತು. ಎಂಜಿನಿನ ಮುಂಡಕ್ಕೂ ಅದರ ತಲೆಗೂ ನಡುವೆ ಗ್ಯಾಸ್ಕೆಟ್ಟು ಎಂಬ ಒಂದು ತೆಳುವಾದ ಹಾಸು ಇರುತ್ತದಷ್ಟೆ. ಅದು ಒಡೆದರೆ ತಂಪುಮಾಡುವ ನೀರು ಎಣ್ಣೆಯೊಳಕ್ಕೆ ನುಗ್ಗುತ್ತದೆ. ತಾಯಿಯವರನ್ನು ಹಾದಿಯಲ್ಲಿ ಸಿಕ್ಕಿದ ಬಸ್ಸಿಗೆ ಹತ್ತಿಸಿದೆ. ಎಪ್ಪತ್ತಾರು ವರ್ಷದ ಅವರು ಅರ್ಧ ದಾರಿ ನಿಂತುಕೊಂಡೇ ಪ್ರಯಾಣ ಮಾಡಿದರು. ಅವರು ಅದನ್ನು ನನಗೆ ಹೇಳಲಿಲ್ಲ. ಜೊತೆಯಲ್ಲಿದ್ದ ನನ್ನ ತಂಗಿ ಹೇಳಿದಳು.

ಊರಿನ ಮೆಕ್ಯಾನಿಕ್ಕನು ನಂಬಿಕಸ್ಥ, ಕೆಲಸದಲ್ಲಿ ಶ್ರದ್ಧೆಯುಳ್ಳವನು. ತಲೆಯನ್ನು ಬಿಚ್ಚಿದ, ಹಿಂದಿನ ಎರಡು ಸಿಲಿಂಡರುಗಳ ನಡುವೆ ಹಾಸು ಸುಟ್ಟಿದ್ದುದನ್ನು ತೋರಿಸಿದ, ಹೊಸದನ್ನು ಹಾಕಿ ಬಿಗಿದ. ಮುನ್ನೂರು ಕಿಲೋಮೀಟರು ಓಡುವಷ್ಟರಲ್ಲಿ ಅದೇ ಸ್ಥಳದಲ್ಲಿ ಮತ್ತೆ ಸುಟ್ಟಿತು. ತಲೆಯ ತಳ ಸೊಟ್ಟಗಾಗಿರಬೇಕೆಂದು ಹಾವೇರಿಗೆ ಕಳುಹಿಸಿ ಅದನ್ನು ಮಟ್ಟಸಮಾಡಿಸಿ ತಂದೆವು. ಮೂರನೆಯ ಹಾಸೂ ಹಿಂಭಾಗದಲ್ಲಿಯೇ ಸೋರತೊಡಗಿತು. ಈ ಸಲ ಆತನು ನನ್ನಿಂದ ಕೂಲಿಯನ್ನು ತೆಗೆದುಕೊಳ್ಳಲಿಲ್ಲ. ಕೂಲಿಯನ್ನು ಬೇಡವೆನ್ನುವ ಕಸಬುದಾರನ ಮುಖವನ್ನು ನೋಡುವುದು ಕಷ್ಟ. ಅಷ್ಟರಲ್ಲಿ ಊರಿನ ಇನ್ನಿಬ್ಬರು ತಮ್ಮ ಗಾಡಿಗಳನ್ನು ಬೇರೆ ಕಡೆಗೆ ಒಯ್ಯಲಾರಂಭಿಸಿದ್ದರೆಂಬುದೂ ನನ್ನ ಕಿವಿಗೆ ಬಿದ್ದಿತ್ತು.

ನಾನು ಹೈಸ್ಕೂಲಿನಲ್ಲಿ ಬಹುಕಾಲ ವಿಜ್ಞಾನವನ್ನು ಬೋಧಿಸಿದವನು. ಮನೆಗೆ ಬಂದು ಗಾಡಿಯ ಹಳೆಯ ಕೈಪಿಡಿಯನ್ನು ತೆರೆದೆ. ತಲೆಯನ್ನು ಹಿಡಿದಿಡುವ ನಟ್ಟುಗಳು ಹನ್ನೊಂದು. ಪ್ರತಿಯೊಂದನ್ನೂ ೪೦ ಅಡಿ-ಪೌಂಡಿನಷ್ಟು ಬಿಗಿಯಬೇಕೆಂದು ಅದರಲ್ಲಿತ್ತು. ಇದು ನಮ್ಮ ಲೆಕ್ಕದಲ್ಲಿ ಐದೂವರೆ ಕಿಲೋ-ಮೀಟರು. ಎಂದರೆ, ಒಂದು ಮೀಟರು ಉದ್ದದ ಪಾನಾದ ತುದಿಗೆ ಐದೂವರೆ ಕಿಲೋ ಭಾರವನ್ನು ತೂಗಹಾಕಿದರೆ ಎಷ್ಟು ತಿರುಚು ಹುಟ್ಟುವುದೋ ಅಷ್ಟು. ಮರುದಿನ ಈ ವಿಷಯವನ್ನು ತೆಗೆದೆ. “ಎಷ್ಟು ಬಿಗೀಬೇಕು ಅಂಬೂದು ಕೈಗೆ ತಿಳೀತೈತ್ರಿ, ಸಾಹೇಬ್ರ” ಎಂದು ಆತ ಮೆಲ್ಲಗೆ ಹೇಳಿದ. ಇಪ್ಪತ್ತೆರಡು ವರ್ಷ ಅದೇ ಕೈಯಿಂದ ಸಂಸಾರವನ್ನು ಸಾಗಿಸಿದ್ದವನಿಗೆ ಅದಕ್ಕಿಂತ ಹೆಚ್ಚಾಗಿ ಏನು ಹೇಳಲಿ? ಆದರೆ ಅಳತೆಯ ಪಾನಾ ಒಂದಿದ್ದರೆ ಒಳ್ಳೆಯದೆಂಬುದನ್ನು ಆತನೂ ಅಲ್ಲಗಳೆಯಲಿಲ್ಲ.

ಹುಬ್ಬಳ್ಳಿಗೆ ಹೋದಾಗ ವಿಚಾರಿಸಿದೆ. ಹೆಸರಾಂತ ತಯಾರಕರ ಪಾನಾ, ನಿಗದಿಯಾದ ಬಿಗಿಗೆ ಬಂದೊಡನೆ ಟಕ್ಕೆಂದು ಸದ್ದುಮಾಡುವಂಥದು, ಪ್ರಮಾಣಪತ್ರದೊಡನೆ ದೊರೆಯುತ್ತಿತ್ತು. ಬೆಲೆ ನಮ್ಮ ಮೆಕ್ಯಾನಿಕ್ಕನ ಅರ್ಧ ತಿಂಗಳ ಸಂಪಾದನೆ. ಪಕ್ಕದಲ್ಲಿಯೇ, ನೋಡುವುದಕ್ಕೆ ಅದರ ಅವಳಿಯಂತಿದ್ದ ಇನ್ನೊಂದು, ನಾಲ್ಕನೆಯ ಒಂದು ಪಾಲು ಬೆಲೆಗೆ ಇತ್ತು. ಅದನ್ನು ಮಾಡಿದವರು ಯಾರೆಂಬುದು ಪೆಟ್ಟಿಗೆಯ ಮೇಲೆ ಇರಲಿಲ್ಲ. “ಇದೂ ಸರಿಯಾಗಿಯೇ ಇರುತ್ತದೆ” ಎಂದ ಅಂಗಡಿಯವ. ಇರಬಹುದು, ಇಲ್ಲದಿದ್ದರೆ? ಸುಳ್ಳು ಹೇಳುವ ಅಳತೆಯ ಸಾಧನವು ಅಳತೆಯೇ ಇಲ್ಲದ್ದಕ್ಕಿಂತ ಹೆಚ್ಚು ಅಪಾಯಕರ. ಏಕೆಂದರೆ ಅದರ ಮಾತನ್ನು ನಂಬಿ ನಮ್ಮ ಕೈಯ ಮಾತನ್ನು ನಾವು ಕೇಳುವುದನ್ನು ಬಿಟ್ಟುಬಿಡುತ್ತೇವೆ. ಸದ್ದುಮಾಡುವ ಪಾನಾಗಳೊಳಗೆ ಒಂದು ಸ್ಪ್ರಿಂಗು ಅದುಮಿರುತ್ತದೆ. ಕೆಲಸವಾದ ಬಳಿಕ ಅದನ್ನು ಅತಿ ಕಡಿಮೆ ಗುರುತಿಗೆ ಸಡಿಲಿಸದೆ ಇಟ್ಟರೆ ಕಾಲಕ್ರಮದಲ್ಲಿ ಅಳತೆ ತಪ್ಪುತ್ತದೆ. ಐಎಸ್‌ಒ ೬೭೮೯ ಎಂಬ ಅಂತರರಾಷ್ಟ್ರೀಯ ಮಾನದಂಡವು ಇಂಥವುಗಳಿಗೆ ಸಾಮಾನ್ಯವಾಗಿ ನೂರಕ್ಕೆ ನಾಲ್ಕರಷ್ಟು ತಪ್ಪನ್ನು ಕ್ಷಮಿಸುತ್ತದೆ. ೫,೦೦೦ ಸಲ ಉಪಯೋಗಿಸಿದ ಮೇಲೆ, ಇಲ್ಲವೆ ವರ್ಷಕ್ಕೊಮ್ಮೆ, ಮತ್ತೆ ಪರೀಕ್ಷಿಸಬೇಕೆನ್ನುತ್ತದೆ. ಅಕ್ಕಿಆಲೂರಿನಲ್ಲಿ ಪರೀಕ್ಷಿಸುವವರಾರು? ಬರಿಗೈಯಲ್ಲಿ ಹಿಂದಿರುಗಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ರಸ್ತೆಬದಿಯ ಮೆಕ್ಯಾನಿಕ್ಕುಗಳಿಗೆ ಸೂಕ್ಷ್ಮದ ಅಳತೆ ತಿಳಿಯದೆಂದು ಪಟ್ಟಣದವರಾದ ನಾವು ಭಾವಿಸುವುದು ಸರಿಯಲ್ಲ. ಈ ಹಳೆಯ ಗಾಡಿಗಳಲ್ಲಿ ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳ ನಡುವೆ ಸುಮಾರು ೦.೪ ಮಿಲಿಮೀಟರು ಸಂದು ಇರಬೇಕು. ಇದನ್ನು ಅಳೆಯಲು ತೆಳುವಾದ ಉಕ್ಕಿನ ಎಲೆಗಳ ಗೇಜು ಬರುತ್ತದೆ. ಅದು ಕೈಯಲ್ಲಿಲ್ಲದಾಗ ಅವರು ಮಾಡುವುದೇನು? ಕ್ಷೌರದ ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ನಾಲ್ಕು ಬ್ಲೇಡುಗಳನ್ನು ಜೋಡಿಸಿ ತೂರಿಸಿದರೆ ಅಳತೆ ಸಿದ್ಧ! ಬ್ಲೇಡು ತಯಾರಿಸುವ ಕಾರ್ಖಾನೆಯು ತನ್ನ ಪ್ರಯೋಜನಕ್ಕಾಗಿ ಸಾಧಿಸಿದ ಸೂಕ್ಷ್ಮತೆಯನ್ನು ಇವರು ಪುಕ್ಕಟೆಯಾಗಿ ಎರವಲು ಪಡೆದರು. ನನಗೆ ದಾರಿಯನ್ನು ತೋರಿಸಿದುದು ಈ ಬ್ಲೇಡುಗಳೇ. ನಮ್ಮೂರಿನಲ್ಲಿ ಇನ್ನಾರಾದರೂ, ಇನ್ನಾವುದೋ ಕಾರಣಕ್ಕಾಗಿ, ಭಾರವನ್ನು ಕರಾರುವಾಕ್ಕಾಗಿ ಅಳೆಯುತ್ತಿರುವರೆ ಎಂದು ಯೋಚಿಸತೊಡಗಿದೆ. ಅಕ್ಕಿಯ ಅಂಗಡಿಯವರು ಅಳೆಯುತ್ತಿದ್ದರು.

ಮೊದಲು ನಾವು ಮಾಡಿ ನೋಡಿದುದು ಅತ್ಯಂತ ಅಗ್ಗದ ಉಪಾಯ. ರದ್ದಿಯವರು ಉಪಯೋಗಿಸುವ ಸ್ಪ್ರಿಂಗು ತಕ್ಕಡಿಯ ಕೊಕ್ಕೆಯನ್ನು ಸಾಧಾರಣ ಪಾನಾದ ಹಿಡಿಗೆ ಸಿಕ್ಕಿಸಿ, ನಟ್ಟಿನ ಕೇಂದ್ರದಿಂದ ಅರ್ಧ ಮೀಟರು ದೂರದಲ್ಲಿ, ಪಾನಾಕ್ಕೆ ಲಂಬವಾಗಿ ಎಳೆಯುವುದು. ತಕ್ಕಡಿಯು ಹನ್ನೊಂದು ಕಿಲೋ ತೋರಿಸಿದಾಗ ಐದೂವರೆಯ ಬಿಗಿ ಬಂದಿರುತ್ತದೆ. ತತ್ತ್ವದಲ್ಲಿ ಇದಕ್ಕೆ ಯಾವ ಕುಂದೂ ಇಲ್ಲ. ಬಯಲಿನಲ್ಲಿರುವ ನಟ್ಟಿಗೆ ಇದೊಂದೇ ಸಾಕು. ಚಕ್ರದ ನಟ್ಟುಗಳಿಗೆ ನಾನು ಇಂದಿಗೂ ಇದನ್ನೇ ಉಪಯೋಗಿಸುತ್ತೇನೆ. ಆದರೆ ಎಂಜಿನಿನ ಗೂಡಿನೊಳಗೆ ಒಬ್ಬನು ಎಳೆಯುತ್ತಿರಲು ಇನ್ನೊಬ್ಬನು ಮುಳ್ಳನ್ನು ನೋಡುತ್ತ, ಮೂರನೆಯವನು ಲಂಬ ತಪ್ಪದಂತೆ ಕಾಯುತ್ತ ನಿಲ್ಲುವುದು ಆಗದ ಮಾತೆಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಆಮೇಲೆ ಹುಬ್ಬಳ್ಳಿಯ ಗುಜರಿಯಲ್ಲಿ ನಮ್ಮ ವಸ್ತು ಸಿಕ್ಕಿತು. ಇದು ಸದ್ದುಮಾಡುವ ಜಾತಿಯದಲ್ಲ. ಅದಕ್ಕಿಂತ ಹಿಂದಿನ ಸರಳ ಜಾತಿಯದು. ಒಂದು ಉಕ್ಕಿನ ಸಲಾಕೆ, ಅದರ ಪಕ್ಕದಲ್ಲಿ ಯಾವ ಭಾರವನ್ನೂ ಹೊರದ ತೆಳುವಾದ ಒಂದು ಸೂಜಿ, ಹಿಡಿಯ ಹತ್ತಿರ ಗೆರೆಗಳನ್ನು ಕೊರೆದ ತಗಡು. ಹಿಡಿಯನ್ನು ಎಳೆದಾಗ ಸಲಾಕೆಯು ಬಾಗುತ್ತದೆ, ಸೂಜಿಯು ನೆಟ್ಟಗೆ ನಿಲ್ಲುತ್ತದೆ. ಸಲಾಕೆ ಎಷ್ಟು ಬಾಗಿತೆಂಬುದೇ ಬಿಗಿಯ ಅಳತೆ. ಸಡಿಲಾಗುವ ಸ್ಪ್ರಿಂಗಾಗಲಿ, ಸವೆಯುವ ಹಲ್ಲಾಗಲಿ ಇದರಲ್ಲಿಲ್ಲ. ಸೂಜಿ ಸೊನ್ನೆಯನ್ನು ಬಿಟ್ಟು ಜರುಗಿದ್ದರೆ ಬೆರಳಿನಿಂದ ಮೆಲ್ಲನೆ ಬಗ್ಗಿಸಿ ಸರಿಪಡಿಸಬಹುದು. ಇಷ್ಟು ಸರಳವಾದುದು ಹಳೆಯ ಮಾದರಿಯೆಂಬ ಒಂದೇ ಕಾರಣಕ್ಕಾಗಿ ಮೂಲೆಗೆ ಬಿದ್ದಿತ್ತು. ನಾನು ಕೊಟ್ಟದ್ದು ೪೫೦ ರೂಪಾಯಿ. ಚೌಕಾಸಿಯಲ್ಲಿ ನಿಪುಣರಾದವರು ಇನ್ನೂ ಕಡಿಮೆಗೆ ತರುತ್ತಿದ್ದರೋ ಏನೋ.

ಈಗ ಇದರ ಸಾಕ್ಷ್ಯವನ್ನು ಪರೀಕ್ಷಿಸಬೇಕಾಗಿತ್ತು. ಪಾನಾದ ಚೌಕಮೂತಿಯನ್ನು ಗ್ಯಾರೇಜಿನ ವೈಸಿನಲ್ಲಿ ಕಚ್ಚಿಸಿ, ಹಿಡಿಯು ನೆಲಕ್ಕೆ ಸಮಾಂತರವಾಗಿ ಚಾಚಿರುವಂತೆ ನಿಲ್ಲಿಸಿದೆವು. ಮೂತಿಯ ಕೇಂದ್ರದಿಂದ ಹಿಡಿಯನ್ನು ತಾಳಿರುವ ಮೊಳೆಯವರೆಗೆ ಅಳೆದರೆ ೪೪ ಸೆಂಟಿಮೀಟರು. ಐದೂವರೆಯನ್ನು ಈ ಉದ್ದದಿಂದ ಭಾಗಿಸಿದರೆ ಸರಿಯಾಗಿ ಹನ್ನೆರಡೂವರೆ ಕಿಲೋ. ನಮ್ಮೂರಿನ ಅಕ್ಕಿಯ ವ್ಯಾಪಾರಿಗಳ ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆಯೊತ್ತಬೇಕಷ್ಟೆ. ೨೦೦೯ರ ಕಾಯಿದೆಯೂ ೨೦೧೧ರ ನಿಯಮಗಳೂ ಹಾಗೆ ವಿಧಿಸಿವೆ. ಮುದ್ರೆಯನ್ನು ಕಣ್ಣಾರೆ ಕಂಡು, ಚೀಲವೂ ಹಗ್ಗವೂ ಸೇರಿ ಹನ್ನೆರಡೂವರೆ ಕಿಲೋ ಆಗುವಂತೆ ಅಕ್ಕಿಯನ್ನು ತೂಗಿಸಿಕೊಂಡೆ. ಮದುವೆಯ ಸಾಮಾನೋ ಎಂದು ವ್ಯಾಪಾರಿ ಕೇಳಿದರು. ಪಾನಾ ತೂಗುವುದಕ್ಕೆ ಎಂದೆ. ಅವರು ಮುಂದೆ ಏನನ್ನೂ ಕೇಳಲಿಲ್ಲ.

ಪಾನಾವು ಅಡ್ಡಲಾಗಿ ನಿಂತಾಗ ತನ್ನ ಭಾರಕ್ಕೇ ಒಂದು ಕೂದಲೆಳೆಯಷ್ಟು ಬಾಗುತ್ತದೆ. ಆದುದರಿಂದ ಸೂಜಿಯು ಆಗ ನಿಂತ ತಾಣವನ್ನೇ ಸೊನ್ನೆಯೆಂದು ಗುರುತುಮಾಡಿಕೊಂಡೆವು. ಬಳಿಕ ಚೀಲವನ್ನು ಮೊಳೆಯ ನೇರಕ್ಕೆ ತೂಗುಹಾಕಿದೆವು. ಐದೂವರೆಯನ್ನು ತೋರಿಸಬೇಕಾಗಿದ್ದ ಸೂಜಿ ಐದು ಮುಕ್ಕಾಲನ್ನು ತುಸು ದಾಟಿ ನಿಂತಿತು. ಅರ್ಧ ಅಕ್ಕಿಯನ್ನು ತೆಗೆದು ನೋಡಿದೆವು. ಅಲ್ಲಿಯೂ ಅದೇ ಪ್ರಮಾಣದಲ್ಲಿ, ನೂರಕ್ಕೆ ಐದರಷ್ಟು, ಹೆಚ್ಚು ಹೇಳಿತು. ಮೆಕ್ಯಾನಿಕ್ಕನ ಮುಖ ಇಳಿಯಿತು. ನನಗೆ ಮಾತ್ರ ಬಹಳ ಸಂತೋಷವಾಯಿತು. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ತಪ್ಪುವ ಸಾಧನವನ್ನು ತಿದ್ದಿಕೊಳ್ಳುವುದು ಸುಲಭ. ಸೂಜಿ ನಿಂತಲ್ಲಿ ಕೆಂಪು ಬಣ್ಣದ ಒಂದು ಗೆರೆಯನ್ನೆಳೆದು, ಇನ್ನು ಮೇಲೆ ನಮ್ಮ ಐದೂವರೆ ಇದು ಎಂದೆ.

ಆಮೇಲೆ ನಾನು ಒಂದು ಪ್ರಯೋಗವನ್ನು ಸೂಚಿಸಿದೆ. ಹೇಳುವಾಗ ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತೆಂದು ಒಪ್ಪಿಕೊಳ್ಳುತ್ತೇನೆ. ಪಾನಾದ ತಗಡನ್ನು ಆತನ ಕಣ್ಣಿಗೆ ಬೀಳದಂತೆ ಬಟ್ಟೆಯಿಂದ ಮರೆಮಾಡಿ, ಹನ್ನೊಂದು ನಟ್ಟುಗಳನ್ನೂ ಕೈಯ ಅಂದಾಜಿನಿಂದಲೇ ಬಿಗಿಯಬೇಕು. ಸೂಜಿಯನ್ನು ನಾನು ಓದಿ ಬರೆದುಕೊಳ್ಳಬೇಕು. ಆತ ಒಂದು ಕ್ಷಣ ನನ್ನನ್ನು ನೋಡಿದ. ಕೆಲಸ ಕಲಿಯುತ್ತಿದ್ದ ಹುಡುಗನೂ ಅಲ್ಲಿಯೇ ನಿಂತಿದ್ದ. “ಬರೀರಿ” ಎಂದ.

ಮುಂಭಾಗದ ನಟ್ಟುಗಳು ಆರೂಕಾಲು, ಆರೂವರೆಗೆ ಬಂದವು. ನಡುವಿನವು ಐದೂವರೆಯ ಆಸುಪಾಸು. ಹಿಂಭಾಗದಲ್ಲಿ, ಚಾಲಕನ ಮುಂದಿನ ತಗಡಿನ ಗೋಡೆಗೆ ಅಂಟಿಕೊಂಡಂತಿರುವ ನಟ್ಟುಗಳಲ್ಲಿ, ಒಂದು ನಾಲ್ಕೂಕಾಲು, ಇನ್ನೊಂದು ನಾಲ್ಕಕ್ಕೂ ಕಡಿಮೆ. ಹನ್ನೊಂದನ್ನೂ ಕೂಡಿಸಿ ಸರಾಸರಿ ತೆಗೆದೆ: ಐದೂವರೆಗೆ ಬಹಳ ಹತ್ತಿರ. ನಾನು ಬೆರಗಾದೆ. ಇಪ್ಪತ್ತೆರಡು ವರ್ಷದ ಆ ಕೈ ಸುಳ್ಳು ಹೇಳಿರಲಿಲ್ಲ. ಆತನಿಗೆ ಕಾಗದವನ್ನು ತೋರಿಸಿದೆ. ಆತ ಓದಿ, ಏನೂ ಹೇಳದೆ ಗಾಡಿಯ ಪಕ್ಕಕ್ಕೆ ಹೋಗಿ, ಹಿಂದಿನ ನಟ್ಟಿನ ಮೇಲೆ ಬರಿಯ ಕೈಯನ್ನು ಇಟ್ಟು ಎಳೆಯುವಂತೆ ಮಾಡಿ ನೋಡಿದ. “ಇಲ್ಲಿ ಮೊಣಕೈ ಆಡಂಗಿಲ್ರಿ” ಎಂದ. ಮೂರು ಗ್ಯಾಸ್ಕೆಟ್ಟುಗಳು ಅದೇ ಸ್ಥಳದಲ್ಲಿ ಸುಟ್ಟುದಕ್ಕೆ ಕಾರಣ ಅದೇ. ಒಂದು ಕಡೆ ಹೆಚ್ಚಾಗಿಯೂ ಇನ್ನೊಂದು ಕಡೆ ಕಡಿಮೆಯಾಗಿಯೂ ಅದುಮಿದ ಹಾಸು ಕಡಿಮೆಯಿರುವಲ್ಲಿ ಬಾಯಿಬಿಡುತ್ತದೆ.

ನಾಲ್ಕನೆಯ ಹಾಸನ್ನು ತರಿಸಿದೆವು. ಈ ಸಲ ಬಿಗಿಯುವುದಕ್ಕೆ ಮೊದಲು ನಟ್ಟುಗಳ ಎಳೆಗಳನ್ನೂ ಸ್ಟಡ್ಡುಗಳ ಎಳೆಗಳನ್ನೂ ತಂತಿಯ ಕುಂಚದಿಂದ ಉಜ್ಜಿ ತೊಳೆದೆವು. ಇದು ಶುಚಿಯ ಆಡಂಬರವಲ್ಲ. ನಾವು ಪಾನಾದ ಮೂಲಕ ಕೊಡುವ ತಿರುಚಿನಲ್ಲಿ ಸುಮಾರು ಅರ್ಧವು ನಟ್ಟಿನ ತಳದ ಉಜ್ಜಾಟದಲ್ಲಿಯೂ, ನೂರಕ್ಕೆ ನಲವತ್ತರಷ್ಟು ಎಳೆಗಳ ಉಜ್ಜಾಟದಲ್ಲಿಯೂ ಕಳೆದುಹೋಗುತ್ತದೆ; ಸ್ಟಡ್ಡನ್ನು ಎಳೆದು ಹಿಡಿಯುವ ನಿಜವಾದ ಕೆಲಸಕ್ಕೆ ಉಳಿಯುವುದು ಹತ್ತನೆಯ ಒಂದು ಪಾಲು ಮಾತ್ರ! ತುಕ್ಕು ಹಿಡಿದ ನಟ್ಟು ಆ ಒಂದು ಪಾಲನ್ನೂ ನುಂಗುತ್ತದೆ. ಎಣ್ಣೆ ಹೆಚ್ಚಾದ ನಟ್ಟು ಅದನ್ನು ಬಹಳವಾಗಿ ಏರಿಸಿ ಸ್ಟಡ್ಡನ್ನೇ ಮುರಿಯಬಹುದು. ಪಾನಾ ಎಷ್ಟೇ ಸತ್ಯವಂತನಾಗಿದ್ದರೂ ಎಳೆ ಕೊಳೆಯಾಗಿದ್ದರೆ ಅದರ ಸತ್ಯ ನಿಷ್ಪ್ರಯೋಜಕ. ಅನಂತರ ನಡುವಿನಿಂದ ಹೊರಕ್ಕೆ, ಕೈಪಿಡಿ ಹೇಳಿದ ಕ್ರಮದಲ್ಲಿ, ಮೂರು ಸುತ್ತಿನಲ್ಲಿ ಬಿಗಿದೆವು. ಹಿಂದಿನ ನಟ್ಟುಗಳಿಗೆ ಒಂದು ಗೇಣು ಉದ್ದದ ತುಂಡನ್ನು ಮೂತಿಗೆ ನೆಟ್ಟಗೆ ಸೇರಿಸಿ, ಪಾನಾವನ್ನು ಗೋಡೆಯಿಂದ ಮೇಲಕ್ಕೆ ತಂದುಕೊಂಡೆವು, ಮೊಣಕೈಗೆ ಜಾಗವಾಯಿತು. ಕವಾಟಗಳ ಸಂದನ್ನು ಒಂದು ಅಂಗುಲದ ಸಾವಿರದ ಹದಿನೈದು ಭಾಗಕ್ಕೆ ಹೊಂದಿಸಿದ್ದು ಆ ದಿನದ ಕೊನೆಯ ಕೆಲಸ.

ಎಲ್ಲ ಸೂಕ್ಷ್ಮ ಕೆಲಸವನ್ನೂ ಅಕ್ಕಿಯ ಚೀಲದಿಂದ ಸಾಧಿಸಬಹುದೆಂದು ನಾನು ಹೇಳುವುದಿಲ್ಲ. ಡೀಸೆಲ್ ಗಾಡಿಗಳ ಇಂಧನ ಪಂಪನ್ನೇ ತೆಗೆದುಕೊಳ್ಳಿ. ೧೯೫೧ರಲ್ಲಿ ಸ್ಥಾಪಿತವಾಗಿ, ಮೈಕೋ ಎಂಬ ಹೆಸರಿನಿಂದ ಬೆಂಗಳೂರಿನಲ್ಲಿ ಮನೆಮಾತಾಗಿದ್ದ ಕಾರ್ಖಾನೆ ಆ ಪಂಪುಗಳನ್ನು ತಯಾರಿಸುತ್ತಿತ್ತು. ಅದರೊಳಗಿನ ಕೊಂತವೂ ಕೊಳವೆಯೂ ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು ಸಂದಿನಲ್ಲಿ ಹೊಂದಿಕೊಂಡಿರಬೇಕು. ಅದನ್ನು ಹೊಂದಿಸುವುದಕ್ಕೆ ದೊಡ್ಡ ಪರೀಕ್ಷಾಮಂಚವೇ ಬೇಕು. ನಮ್ಮ ಮೆಕ್ಯಾನಿಕ್ಕನು ಪಂಪನ್ನು ಮುಟ್ಟದೆ ಪಟ್ಟಣಕ್ಕೆ ಕಳುಹಿಸುತ್ತಾನೆ. ಅದು ಸರಿ. ಇನ್ನು ಕೆಲವು ಹೊಸ ಗಾಡಿಗಳಲ್ಲಿ ಬೋಲ್ಟನ್ನು ಒಂದು ಅಳತೆಗೆ ಬಿಗಿದು, ಅಲ್ಲಿಂದ ಮುಂದೆ ಇಂತಿಷ್ಟು ಕೋನ ತಿರುಗಿಸಬೇಕೆಂಬ ವಿಧಿಯಿದೆ. ಅದಕ್ಕೆ ಬೇರೊಂದು ದುಬಾರಿ ಸಾಧನವನ್ನು ಮಾರುತ್ತಾರೆ. ಬೋಲ್ಟಿನ ತಲೆಗೆ ಆರು ಮುಖ, ಮುಖದಿಂದ ಮುಖಕ್ಕೆ ಅರವತ್ತು ಅಂಶ. ಬಣ್ಣದ ಒಂದು ಚುಕ್ಕೆಯೂ ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕವೂ ಇದ್ದರೆ ಸಾಕಾಗುತ್ತದೆ. ಆದರೆ ಇಂಥ ಬೋಲ್ಟುಗಳಲ್ಲಿ ಹಲವು ಒಮ್ಮೆ ಬಿಗಿದರೆ ಹಿಗ್ಗಿಬಿಡತಕ್ಕವು. ಅವನ್ನು ಮತ್ತೆ ಉಪಯೋಗಿಸಕೂಡದು.

ಪಟ್ಟಣದ ಶ್ರೋತೃಗಳು ಚಕ್ರದ ನಟ್ಟುಗಳ ವಿಷಯದಲ್ಲಿ ಎಚ್ಚರವಾಗಿರಬೇಕು. ಪಂಕ್ಚರು ಅಂಗಡಿಗಳಲ್ಲಿ ಗಾಳಿಯ ಒತ್ತಡದಿಂದ ಗರ್ರೆಂದು ತಿರುಗುವ ಯಂತ್ರದಿಂದ ನಟ್ಟುಗಳನ್ನು ಬಿಗಿಯುತ್ತಾರಲ್ಲವೆ? ಸಣ್ಣ ಕಾರುಗಳಿಗೆ ಬೇಕಾದುದು ಸಾಮಾನ್ಯವಾಗಿ ೮೦ರಿಂದ ೧೧೦ ನ್ಯೂಟನ್-ಮೀಟರು, ಎಂದರೆ ಎಂಟರಿಂದ ಹನ್ನೊಂದು ಕಿಲೋ-ಮೀಟರು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಕರಾರುವಾಕ್ಕಾದ ಅಂಕಿಯಿರುತ್ತದೆ. ಆ ಯಂತ್ರವು ಇದರ ಎರಡರಷ್ಟನ್ನು ಲೀಲಾಜಾಲವಾಗಿ ಹಾಕಿಬಿಡಬಲ್ಲದು. ರಾತ್ರಿಯ ಹೊತ್ತು, ಮಳೆಯಲ್ಲಿ, ಗಾಡಿಯೊಡನೆ ಕೊಟ್ಟಿರುವ ಗಿಡ್ಡ ಪಾನಾದಿಂದ ಆ ನಟ್ಟನ್ನು ಬಿಚ್ಚಬೇಕಾದವರು ನೀವು. ಯಂತ್ರದಿಂದ ಹತ್ತಿಸಿ ಕೈಯಿಂದ ಬಿಗಿಯಿರೆಂದು ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ಐನೂರು ಕಿಲೋಮೀಟರು ಓಡಿದ ಮೇಲೆ ನಮ್ಮ ಎಂಜಿನಿನ ನಟ್ಟುಗಳನ್ನು, ಅದು ತಣ್ಣಗಿರುವಾಗ, ಒಂದೊಂದಾಗಿ ಕಾಲು ಸುತ್ತು ಸಡಿಲಿಸಿ ಮತ್ತೆ ಕೆಂಪು ಗೆರೆಗೆ ತಂದೆವು. ಆಮೇಲೆ ಅದನ್ನು ಬಿಚ್ಚುವ ಪ್ರಮೇಯ ಬರಲಿಲ್ಲ. ತಾಯಿಯವರು ಮುಂದಿನ ಮೂರು ವರ್ಷ, ತೀರಿಕೊಳ್ಳುವವರೆಗೆ, ಅದೇ ಗಾಡಿಯ ಹಿಂದಿನ ಆಸನದಲ್ಲಿ ಒರಗಿಕೊಂಡು ಹುಬ್ಬಳ್ಳಿಗೆ ಹೋಗಿಬರುತ್ತಿದ್ದರು. ಪಾನಾವನ್ನು ನಾನು ಮನೆಗೆ ತರಲಿಲ್ಲ; ಅದು ಗ್ಯಾರೇಜಿನ ಗೋಡೆಯಲ್ಲಿಯೇ ಇದೆ. ಬೇರೆ ಗ್ಯಾರೇಜಿನವರೂ ಅದನ್ನು ಎರವಲು ಒಯ್ಯುವುದುಂಟು. ಕಲಿಯುತ್ತಿದ್ದ ಹುಡುಗ ಈಗ ದೊಡ್ಡವನಾಗಿದ್ದಾನೆ; ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಬಳಿಕ, ಚೀಲ ಹಿಡಿದುಕೊಂಡು ಅಕ್ಕಿಯ ಅಂಗಡಿಗೆ ಹೋಗುತ್ತಾನೆ. ಕೆಂಪು ಗೆರೆ ಇದುವರೆಗೂ ಜರುಗಿಲ್ಲವಂತೆ. ಮೊದಲನೆಯ ಸಲದ ಹನ್ನೆರಡೂವರೆ ಕಿಲೋ ಅಕ್ಕಿಯನ್ನು, ಗ್ಯಾರೇಜಿನ ಎಣ್ಣೆಯ ವಾಸನೆ ಕೊಂಚ ಹತ್ತಿದ್ದರೂ, ನಾವು ಮನೆಯಲ್ಲಿ ಅಡಿಗೆಗೆ ಉಪಯೋಗಿಸಿಕೊಂಡೆವು.